ದಾರಿ ತೋರುವ ಬಿದಿರಿನ ಮಕ್ಕಳು

ಮೈಸೂರಿನಿಂದ ಉದಕಮಂಡಲಕ್ಕೆ ಹೊರಟವರಿಗೆ ಗುಂಡ್ಲುಪೇಟೆಯೆಂಬುದು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತಿನ ಊರು. ಊರು ದಾಟಿದರೆ ಸೂರ್ಯಕಾಂತಿಯ ಹೊಲಗಳು. ಬಲಗಡೆಗೆ 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಅನಂತರ ಬಂಡೀಪುರದ ಕಾಡು. ರಸ್ತೆಯ ಬದಿಯಲ್ಲಿ ಜಿಂಕೆಯ ಹಿಂಡು ಕಂಡರೆ ಮಕ್ಕಳು ಕೂಗುತ್ತಾರೆ, ದೊಡ್ಡವರು ಕ್ಯಾಮೆರಾ ಹುಡುಕುತ್ತಾರೆ; ಅಷ್ಟರಲ್ಲಿ ಮೋಟಾರು ಮುಂದೆ ಹೋಗಿರುತ್ತದೆ. ಈ ಓಟದಲ್ಲಿ ಕಣ್ಣಿಗೆ ಬೀಳದೆ ಉಳಿಯುವ ಸೋಜಿಗವೊಂದು ಆ ಕಾಡಿನ ದಕ್ಷಿಣದ ಅಂಚಿನಲ್ಲಿದೆ.

ಅಲ್ಲಿ ಉದ್ದಕ್ಕೂ ಹಬ್ಬಿದ ನೆಲವು ಇದ್ದಕ್ಕಿದ್ದಂತೆ ಮುಗಿದು, ಸುಮಾರು 260 ಮೀಟರ್ ಆಳದ ಕಂದರವೊಂದು ಕಾಲ ಬುಡದಲ್ಲಿಯೇ ಬಾಯ್ದೆರೆಯುತ್ತದೆ. ಅದರ ತಳದಲ್ಲಿ ಹರಿಯುವುದು ಮೋಯಾರ್ ಹೊಳೆ. ನೀಲಗಿರಿಯ ನೆತ್ತಿಯಿಂದ ಪೈಕಾರವೆಂಬ ಹೆಸರಿನಲ್ಲಿ ಇಳಿದು ಬಂದು, ಬಂಡೆಗಳನ್ನು ಕೊರೆದು, ಪೂರ್ವಕ್ಕೆ ಸಾಗಿ, ಭವಾನಿಸಾಗರದಲ್ಲಿ ಭವಾನಿ ನದಿಯನ್ನು ಕೂಡುವ ಹೊಳೆ ಇದು. ಆಂಗ್ಲರು ಈ ಕಂದರಕ್ಕೆ ‘ಮೈಸೂರ್ ಡಿಚ್’, ಅಂದರೆ ಮೈಸೂರಿನ ಕಂದಕ, ಎಂದು ಹೆಸರಿಟ್ಟರು. ಇತ್ತ ಮೈಸೂರು ಸಂಸ್ಥಾನ, ಅತ್ತ ಮದರಾಸು ಪ್ರಾಂತ. ಕೋಟೆಗೆ ಕಂದಕವಿರುವಂತೆ ರಾಜ್ಯಕ್ಕೊಂದು ಕಂದಕ. ಇಂದು ಅದೇ ಕರ್ನಾಟಕ ಮತ್ತು ತಮಿಳುನಾಡುಗಳ ಗಡಿ. ದೇಶದ ಬಹುಭಾಗದಲ್ಲಿ ಅಳಿದುಹೋಗಿರುವ ರಣಹದ್ದುಗಳು ಈ ಕಣಿವೆಯ ಮರಗಳಲ್ಲಿಯೂ ಬಂಡೆಗಳಲ್ಲಿಯೂ ಇನ್ನೂ ಗೂಡು ಕಟ್ಟುತ್ತವೆ.

ಕಂದಕವು ರಾಜ್ಯಗಳನ್ನು ಬೇರೆ ಮಾಡಿತು. ಕಾಡಿನ ಜನರನ್ನು ಬೇರೆ ಮಾಡಲಿಲ್ಲ. ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು, ಇರುಳಿಗರು ಈ ಎರಡೂ ದಡಗಳ ಕಾಡುಗಳಲ್ಲಿ ಬಹುಕಾಲದಿಂದ ಬಾಳಿದವರು. ಮೇಲಿನಿಂದ ನೋಡಿದವನಿಗೆ ಇದು ಗಡಿ. ಇಳಿದು ದಾಟಿದವನಿಗೆ ಇದು ದಾರಿ. ಚಾಮರಾಜನಗರ ಸೀಮೆಯ ಮಲೆಗಳಿಗೆ ತಂಡ ಕಟ್ಟಿಕೊಂಡು ಹೋಗುವ ಪ್ರವಾಸಿಗರು ಮೊದಲು ತಿಳಿಯಬೇಕಾದ ಮಾತು ಇದೇ.

ಎರಡು ಬಗೆಯ ಪ್ರಯಾಣ

ಗುಂಡ್ಲುಪೇಟೆಯಿಂದ ಪೂರ್ವಕ್ಕೆ ಬಂದರೆ ಚಾಮರಾಜನಗರ. ಒಂದು ಕಾಲಕ್ಕೆ ಅರಿಕುಠಾರವೆಂದು ಹೆಸರಾಗಿದ್ದ ಊರು. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅದಕ್ಕೆ ಈಗಿನ ಹೆಸರನ್ನಿತ್ತರು. 1997ರಲ್ಲಿ ಅದು ಜಿಲ್ಲಾ ಕೇಂದ್ರವಾಯಿತು. ಊರಿನ ಪೂರ್ವದಿಕ್ಕಿಗೆ ಗೋಡೆಯಂತೆ ನಿಂತಿರುವುದು ಬಿಳಿಗಿರಿರಂಗನ ಬೆಟ್ಟಗಳ ಸಾಲು. ಅದನ್ನೂ ಮೀರಿ ಇನ್ನೂ ಪೂರ್ವಕ್ಕೆ ಹೋದರೆ, ಜನಪದರು ಎಪ್ಪತ್ತೇಳು ಮಲೆಗಳೆಂದು ಹಾಡುವ ಮಾದೇಶ್ವರನ ನಾಡು. ಅಲ್ಲಿಂದಾಚೆಗೆ ಕಾವೇರಿಯ ಕಂದರ.

ಈ ಬೆಟ್ಟಗಳಿಗೆ ಜನ ಎರಡು ಬಗೆಯಾಗಿ ಗುಂಪುಗೂಡಿ ಹೋಗುತ್ತಾರೆ. ಮೊದಲನೆಯದು ಹರಕೆಯ ಪ್ರಯಾಣ. ಶಿವರಾತ್ರಿ, ದೀಪಾವಳಿ, ಯುಗಾದಿಗಳಲ್ಲಿ ಮಾದಪ್ಪನ ಒಕ್ಕಲು ಬುತ್ತಿ ಕಟ್ಟಿಕೊಂಡು, ಮುಂದೆ ದಾರಿ ಬಲ್ಲ ಹಿರಿಯನನ್ನಿಟ್ಟುಕೊಂಡು, ಕಂಸಾಳೆಯ ಸದ್ದಿಗೆ ಹೆಜ್ಜೆ ಹಾಕುತ್ತ ಮಲೆಯೇರುತ್ತಾರೆ. ಎರಡನೆಯದು ಇತ್ತೀಚಿನದು, ಕಾಡು ನೋಡುವ ಪ್ರಯಾಣ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಬಸ್ಸು, ಬಿಳಿಗಿರಿಯ ಕ್ಯಾತದೇವರಗುಡಿಯಲ್ಲಿ ಜೀಪು. ಮೈಸೂರಿನ ಅರಸರು ಬೇಟೆಗೆಂದು ಇಳಿದುಕೊಳ್ಳುತ್ತಿದ್ದ ಬಂಗಲೆಯಿದ್ದ ಆ ಕ್ಯಾತದೇವರಗುಡಿಯಲ್ಲಿ ಇಂದು ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನ ಶಿಬಿರವಿದೆ.

ಮುಂಜಾನೆಯ ಚಳಿಯಲ್ಲಿ ಕಂಬಳಿ ಹೊದ್ದು ಜೀಪು ಹತ್ತುವ ತಂಡಕ್ಕೆ ಒಂದೇ ಗುರಿ: ಹುಲಿ. ಎರಡು ಮೂರು ಗಂಟೆ ಸುತ್ತಿ, ಕಾಟಿ, ಕಡವೆ, ಕೆನ್ನಾಯಿ, ಆನೆ ಎಲ್ಲವನ್ನೂ ಕಂಡು ಬಂದರೂ, ಹುಲಿ ಕಾಣದಿದ್ದರೆ “ಏನೂ ಸಿಗಲಿಲ್ಲ” ಎಂದು ಮುಖ ಸಣ್ಣಗೆ ಮಾಡುವವರೇ ಹೆಚ್ಚು. ಆ ಜೀಪಿನ ಮುಂದಿನ ಪೀಠದಲ್ಲಿ ಅನೇಕ ವೇಳೆ ಮಿತಭಾಷಿಯಾದ ಒಬ್ಬ ಸ್ಥಳೀಯನಿರುತ್ತಾನೆ. ಎಲೆ ಅಲುಗಿದರೆ ಅವನಿಗೆ ಗೊತ್ತು. ಕಡವೆ ಕೂಗಿದ ಬಗೆಯಿಂದಲೇ ಅದು ಕಂಡದ್ದೇನೆಂದು ಗೊತ್ತು. ಅವನ ಅಜ್ಜ ಇದೇ ಇಳಿಜಾರಿನಲ್ಲಿ ರಾಗಿ ಬಿತ್ತಿದ್ದನೆಂಬುದು ಮಾತ್ರ ಹಿಂದೆ ಕುಳಿತವರಿಗೆ ಗೊತ್ತಿರುವುದಿಲ್ಲ. ಅವನು ಸೋಲಿಗ.

ಹೆಜ್ಜೆ ಓದುವ ಕಣ್ಣು

ಸೋಲಿಗರು ತಮ್ಮನ್ನು ಬಿದಿರಿನ ಮಕ್ಕಳೆಂದು ಹೇಳಿಕೊಳ್ಳುತ್ತಾರೆ. ತಮ್ಮ ಮೂಲಪುರುಷ ಕಾರಯ್ಯನು ಬಿದಿರಿನಿಂದ ಮೂಡಿದನೆಂಬುದು ಅವರ ನಂಬಿಕೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು. ಕನ್ನಡ ಬಲ್ಲವನ ಕಿವಿಗೆ ಅದು ಅರ್ಧ ಸಿಕ್ಕಿ ಅರ್ಧ ಜಾರುತ್ತದೆ. ಹಳ್ಳಿಗೆ ಪೋಡು ಎಂದು ಹೆಸರು. ಬಿಳಿಗಿರಿಯ ಒಳಗೂ ಅಂಚಿಗೂ ಅರುವತ್ತರಷ್ಟು ಪೋಡುಗಳಿವೆ.

ಹೊರಗಿನವರಿಗೆ ಸೋಲಿಗರು ದಾರಿ ತೋರಿಸಿದ್ದು ಇಂದು ನಿನ್ನೆಯ ಮಾತಲ್ಲ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಈ ಬೆಟ್ಟಗಳ ಸೋಲಿಗರ ಬಗೆಗೆ ಬರೆದಿಟ್ಟಿದ್ದಾನೆ. 1870ರ ದಶಕದಲ್ಲಿ ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದ ಜಿ. ಪಿ. ಸ್ಯಾಂಡರ್ಸನ್ ಚಾಮರಾಜನಗರದ ಸಮೀಪದಲ್ಲಿ ನೆಲಸಿ, 1874ರಲ್ಲಿ ಖೆಡ್ಡಾ ಕಟ್ಟಿಸಿ ಕಾಡಾನೆಗಳ ಹಿಂಡನ್ನೇ ಹಿಡಿದನು. 1878ರಲ್ಲಿ ಅಚ್ಚಾದ ಅವನ ಪುಸ್ತಕ ಲೋಕಪ್ರಸಿದ್ಧವಾಯಿತು. ಆನೆ ಯಾವ ಹಾದಿಯಲ್ಲಿ ಬಂದಿತು, ಯಾವ ಹೊತ್ತಿಗೆ ನೀರಿಗಿಳಿಯಿತು, ಹಿಂಡಿನಲ್ಲಿ ಮರಿಗಳಿವೆಯೇ ಎಂಬುದನ್ನು ಅವನಿಗೆ ತಿಳಿಸಿಕೊಟ್ಟವರು ಸೋಲಿಗರು. ಪುಸ್ತಕದ ಮೇಲಿನ ಹೆಸರು ಸಾಹೇಬನದು. ನೆಲದ ಮೇಲಿನ ಹೆಜ್ಜೆಯನ್ನು ಓದಿದ ಕಣ್ಣು ಸೋಲಿಗನದು.

ಬೇಟೆಯ ಕಾಲ ಹೋಯಿತು. ಸಂಶೋಧಕರ ಕಾಲ ಬಂದಿತು. ಹಕ್ಕಿ, ಚಿಟ್ಟೆ, ಮರಗಳನ್ನು ಎಣಿಸುವವರಿಗೂ ಮುಂದೆ ನಡೆಯುವವನು ಸೋಲಿಗನೇ. ಈ ಕಾಡಿನಲ್ಲಿ ದೊರೆತ ಹೊಸ ಜಾತಿಯ ಕಣಜವೊಂದಕ್ಕೆ 2022ರಲ್ಲಿ ವಿಜ್ಞಾನಿಗಳು ‘ಸೋಲಿಗ’ ಎಂಬ ಹೆಸರನ್ನೇ ಇಟ್ಟರು. ದಾರಿ ತೋರಿದ ಋಣ ಅಷ್ಟರಮಟ್ಟಿಗೆ ಸಂದಿತೆನ್ನಬೇಕು.

ಹೆಸರುಳ್ಳ ಕಾಡು

ಪೇಟೆಯವನ ಕಣ್ಣಿಗೆ ಕಾಡೆಂದರೆ ಕಾಡು. ಒಂದು ತಿರುವಿನಂತೆಯೇ ಇನ್ನೊಂದು. ಸೋಲಿಗನಿಗೆ ಹಾಗಲ್ಲ. ತೇನೇರು, ಸೂರೀರು, ಹಾಲೇರು ಮೊದಲಾದ ಕುಲಗಳಿಗೆ ಕಾಡಿನಲ್ಲಿ ಅವರವರದೇ ಸೀಮೆಗಳುಂಟು. ಅದಕ್ಕೆ ‘ಎಲ್ಲೆ’ ಎನ್ನುತ್ತಾರೆ. ಒಂದು ಎಲ್ಲೆಯೊಳಗೆ ದೇವರ ತಾಣ, ಮಾರಮ್ಮನ ತಾಣ, ಕಾವಲಿನ ವೀರರ ತಾಣ, ನೀರಿನ ಅಬ್ಬಿ, ಸತ್ತ ಹಿರಿಯರ ನೆನಪಿನ ಕಲ್ಲುಗಳಿರುವ ಕಲ್ಲುಗುಡಿ ಇವೆಲ್ಲ ಇರುತ್ತವೆ. ಬೆಂಗಳೂರಿನ ಏಟ್ರೀ ಸಂಶೋಧನ ಸಂಸ್ಥೆಯವರು ಸೋಲಿಗ ಹಿರಿಯರೊಡನೆ ಬೆಟ್ಟ ಸುತ್ತಿ ಇಂಥ ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದಾಗ, ಅವುಗಳ ಸಂಖ್ಯೆ ಐನೂರಕ್ಕೆ ಸಮೀಪವಾಯಿತು. ಸರ್ಕಾರದ ನಕ್ಷೆಯಲ್ಲಿ ಬರಿಯ ಹಸುರು ಬಣ್ಣವಿದ್ದ ಕಡೆಯಲ್ಲಿ ಐನೂರು ಹೆಸರುಗಳಿದ್ದುವು!

ಇವುಗಳಲ್ಲಿ ಪ್ರವಾಸಿಗಳು ಹೆಚ್ಚಾಗಿ ಕೇಳಿರುವುದು ದೊಡ್ಡಸಂಪಿಗೆಯ ಹೆಸರು. ಭಾರ್ಗವಿ ಹೊಳೆಯ ದಡದಲ್ಲಿ, ಹಲವರು ಕೈಕೈ ಹಿಡಿದು ನಿಂತರೂ ತಬ್ಬಲಾಗದಂಥ ಸಂಪಿಗೆಯ ಮರ. ಅದರ ಬುಡದಲ್ಲಿ ಲಿಂಗಗಳಿವೆ. ಸೋಲಿಗರಿಗೆ ಅದು ಮರವೂ ಹೌದು, ಗುಡಿಯೂ ಹೌದು. ಗೋಪುರವಿಲ್ಲ, ಬಾಗಿಲಿಲ್ಲ, ಬೀಗವಿಲ್ಲ.

ಬೆಟ್ಟದ ನೆತ್ತಿಯ ರಂಗನಾಥನಂತೂ ಅವರಿಗೆ ನೆಂಟನೇ ಆಗಿದ್ದಾನೆ. ಸ್ವಾಮಿಯು ಸೋಲಿಗರ ಕನ್ಯೆ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದನೆಂದು ಅವರ ಕಥೆ. ಆದುದರಿಂದ ಅವನು ಕುಲಕ್ಕೆಲ್ಲ ಭಾವ. ಭಾವನೊಡನೆ ಇರುವ ಸಲಿಗೆ ಬೇರೆ ಯಾವ ದೇವರೊಡನೆ ಇದ್ದೀತು? ಮಾದೇಶ್ವರನ ಕಾವ್ಯದಲ್ಲಿಯೂ ಸೋಲಿಗರಿಗೆ ದೊಡ್ಡ ಪಾತ್ರವಿದೆ. ಗಂಡ ನೀಲೇಗೌಡನ ಸಂಶಯದ ಹಿಂಸೆಯನ್ನು ಸಹಿಸಿದ ಸಂಕಮ್ಮ ಮಾದಪ್ಪನ ವರದಿಂದ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳನ್ನು ಪಡೆದ ಕಥೆ ಕಂಸಾಳೆಯವರ ಬಾಯಲ್ಲಿ ಕೇಳಿದವರ ಕಣ್ಣು ಒದ್ದೆಯಾಗದೆ ಇರುವುದಿಲ್ಲ.

ಹುಲಿಯೂ ಅವರಿಗೆ ಹುಲಿವೀರಪ್ಪ. ಮಾದಪ್ಪನ ವಾಹನವೇ ಹುಲಿಯಲ್ಲವೆ? ಹೆಜ್ಜೇನು ಇಳಿಸಲು ಹೋದರೆ ತಟ್ಟಿಯನ್ನೆಲ್ಲ ಬಳಿದು ತರುವುದಿಲ್ಲ. ಕಾಡಿನ ಇತರರಿಗೂ ಒಂದು ಪಾಲನ್ನು ಬಿಡುತ್ತಾರೆ. ರಾಗಿಯ ಕೊಯ್ಲಿನ ಬಳಿಕ ರೊಟ್ಟಿಹಬ್ಬ. ದೇವರಿಗೆ ಒಪ್ಪಿಸಿದ ರೊಟ್ಟಿಯನ್ನು ಎಲ್ಲರೂ ಹಂಚಿಕೊಂಡು ತಿಂದು, ರಾತ್ರಿ ಗೊರುಕನ ಕುಣಿತದಲ್ಲಿ ಹೆಂಗಸರು ಗಂಡಸರು ಸುತ್ತುಗಟ್ಟಿ ಹಾಡುತ್ತಾರೆ. ತಂಗುದಾಣದ ಅಂಗಳದಲ್ಲಿ ಪ್ರವಾಸಿಗಳಿಗಾಗಿ ಅರ್ಧಗಂಟೆ ನಡೆಯುವ ಕುಣಿತಕ್ಕೂ ಹಬ್ಬದ ಈ ಇರುಳಿಗೂ ಇರುವ ಅಂತರವನ್ನು ಬೇರೆ ಹೇಳಬೇಕಾಗಿಲ್ಲ.

ಮುಚ್ಚಿದ ದಾರಿ

ಇಷ್ಟು ಹೆಸರುಗಳನ್ನು ಬಲ್ಲ ಜನ, ಅವೇ ಹೆಸರುಗಳ ನಡುವೆ ಅಪರಿಚಿತರಾದ ಕಾಲವೂ ಬಂದಿತು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಾಯಿತು. ಮರುವರ್ಷ ಹುಲಿ ಯೋಜನೆ ಆರಂಭವಾದಾಗ ಬಂಡೀಪುರ ಅದರ ಮೊದಲ ಕಾಡುಗಳಲ್ಲೊಂದಾಯಿತು. 1974ರಲ್ಲಿ ಬಿಳಿಗಿರಿಯೂ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಅದು ನಿಲ್ಲಬೇಕಾದದ್ದೇ. ಆದರೆ ಜೊತೆಯಲ್ಲಿಯೇ ಕಾಡಿನೊಳಗಣ ಬೇಸಾಯವೂ ನಿಂತಿತು. ಒಳಗಿದ್ದ ಎಷ್ಟೋ ಪೋಡುಗಳು ರಸ್ತೆಯ ಬದಿಗೆ ಬಂದುವು. ದೇವರು ಒಳಗೆ, ಒಕ್ಕಲು ಹೊರಗೆ. ಹಿರಿಯರ ಕಲ್ಲುಗುಡಿಗೆ ಹೋಗಬೇಕಾದರೆ ಇನ್ನೊಬ್ಬರ ಅಪ್ಪಣೆ ಬೇಕಾಯಿತು.

ನಿಂತುಹೋದುದರಲ್ಲಿ ತರಗುಬೆಂಕಿಯೂ ಒಂದು. ಬೇಸಿಗೆ ಬಲಿಯುವ ಮುನ್ನ, ನೆಲದಲ್ಲಿ ತೇವವಿರುವಾಗಲೇ, ಒಣಗಿದ ತರಗೆಲೆಗೆ ಸಣ್ಣದಾಗಿ ಬೆಂಕಿ ತೋರಿಸುವುದು ಸೋಲಿಗರ ಪದ್ಧತಿಯಾಗಿತ್ತು. ಇದರಿಂದ ಹೊಸ ಹುಲ್ಲು ಬರುತ್ತಿತ್ತು, ಪೊದೆ ಬೆಳೆಯುತ್ತಿರಲಿಲ್ಲ, ನೆಲ್ಲಿಯ ಮರವನ್ನು ಕೊಲ್ಲುವ ಬಂದಳಿಕೆಯೂ ಹತೋಟಿಯಲ್ಲಿರುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಬೆಂಕಿ ನಿಂತ ಮೇಲೆ ಲಂಟಾನದ ಮುಳ್ಳುಪೊದೆ ಕಾಡಿನ ತಳವನ್ನೆಲ್ಲ ಆವರಿಸಿತು. 1997ರಲ್ಲಿಯೂ 2008ರಲ್ಲಿಯೂ ಸಂಶೋಧಕರು ಲೆಕ್ಕ ಹಾಕಿದಾಗ, ಅದರ ಹರಹು ಇಮ್ಮಡಿಯಷ್ಟಾಗಿದ್ದುದು ಕಂಡುಬಂದಿತು. ಕಾಡಿಗೆ ಬೆಂಕಿಯೇ ಬೇಡವೆನ್ನುವವರ ಅಂಜಿಕೆಯೂ ಸುಳ್ಳಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎದ್ದ ಜ್ವಾಲೆ ಸಾವಿರಾರು ಎಕರೆಯನ್ನು ಸುಟ್ಟು, ಗೋಪಾಲಸ್ವಾಮಿ ಬೆಟ್ಟದ ಮಗ್ಗುಲನ್ನು ಕರಿದು ಮಾಡಿದ್ದನ್ನು ಗುಂಡ್ಲುಪೇಟೆಯವರು ಮರೆತಿಲ್ಲ. ಆದರೆ ಒಣಗಿದ ಪೊದೆಯ ಮೇಲೆ ಬೇಸಿಗೆಯ ನಡುವೆ ಹಬ್ಬುವ ದಳ್ಳುರಿ ಬೇರೆ. ಹೊತ್ತು ನೋಡಿ ಹಚ್ಚುವ ತರಗುಬೆಂಕಿ ಬೇರೆ. ಇವೆರಡರ ಭೇದವನ್ನು ಬಲ್ಲವರ ಮಾತನ್ನು ಕೇಳುವವರು ಬಹುಕಾಲ ಇರಲಿಲ್ಲ.

ಬೇಸಾಯ ಹೋದ ಮೇಲೆ ಉಳಿದಿದ್ದುದು ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂವುಗಳ ಸಂಗ್ರಹ. ಅವನ್ನು ಸೋಲಿಗರ ಸಹಕಾರ ಸಂಘ ಕೊಳ್ಳುತ್ತಿತ್ತು. 2006ರಲ್ಲಿ ಅಭಯಾರಣ್ಯದಿಂದ ಇವನ್ನು ತಂದು ಮಾರುವುದಕ್ಕೂ ತಡೆ ಬಂದಿತು. ಅನೇಕರು ಕೂಲಿಗಾಗಿ ಕೊಡಗಿನ ಕಾಫಿ ತೋಟಗಳ ಕಡೆಗೆ ನಡೆದರು. ದಾರಿ ತೋರುವವರೇ ದಾರಿ ಹುಡುಕುವಂತಾಯಿತು.

ತೆರೆದ ದಾರಿ

ಆದರೂ ಕಥೆ ಅಲ್ಲಿಗೇ ಮುಗಿಯಲಿಲ್ಲ. ಡಾಕ್ಟರ್ ಎಚ್. ಸುದರ್ಶನರು ಬೆಟ್ಟಕ್ಕೆ ಬಂದು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆಸ್ಪತ್ರೆಯಾಯಿತು, ಶಾಲೆಯಾಯಿತು. ಆ ಶಾಲೆಯ ಅಂಗಳದಿಂದ ಹೊರಟ ಸೋಲಿಗರ ಮಕ್ಕಳು ಪದವೀಧರರಾದರು. ಕಾಯಿದೆಯ ಪುಸ್ತಕವನ್ನು ತಾವೇ ಓದಿಕೊಳ್ಳಬಲ್ಲವರಾದರು.

2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. ಕಾಡಿನಲ್ಲಿ ತಲೆತಲಾಂತರದಿಂದ ಬಾಳಿದವರಿಗೆ ಭೂಮಿಯ ಹಕ್ಕು, ಫಲೋತ್ಪನ್ನದ ಹಕ್ಕು, ದೇವಸ್ಥಾನಗಳಿಗೆ ಹೋಗಿಬರುವ ಹಕ್ಕು, ಕಾಡನ್ನು ಕಾಯುವ ಹಕ್ಕು ಇವನ್ನೆಲ್ಲ ಅದು ಮನ್ನಿಸಿತು. ಸೋಲಿಗರು ಗ್ರಾಮಸಭೆ ಸೇರಿ, ತಮ್ಮ ಎಲ್ಲೆಗಳ ನಕ್ಷೆಯನ್ನಿಟ್ಟು, ಅರ್ಜಿ ಹಾಕಿದರು. ಅಷ್ಟರಲ್ಲಿ, 2011ರ ಜನವರಿಯಲ್ಲಿ, ಬಿಳಿಗಿರಿಯನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಮತ್ತೆ ಹೊರಗೆ ಹಾಕುವರೋ ಎಂಬ ಭಯ ಪೋಡುಗಳಲ್ಲಿ ಹರಡಿತು. ಆದರೆ ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕುಪತ್ರ ದೊರೆಯಿತು. ಹುಲಿಯ ಕಾಡೊಂದರೊಳಗೆ ಆದಿವಾಸಿಗಳಿಗೆ ಇಂಥ ಹಕ್ಕು ದೊರೆತುದು ದೇಶದಲ್ಲಿಯೇ ಮೊದಲೆಂದು ಪತ್ರಿಕೆಗಳು ಬರೆದುವು.

ಜನರಿದ್ದರೆ ಹುಲಿಗೆ ಕೇಡೆಂಬ ಮಾತಿತ್ತು. 2010ರ ಎಣಿಕೆಯಲ್ಲಿ ಇಲ್ಲಿ 35 ಹುಲಿಗಳೆಂದು ಹೇಳಿದ್ದರೆ, 2014ರ ಎಣಿಕೆಯಲ್ಲಿ 68 ಎಂದು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಹುಲಿ ಹೆಚ್ಚುವುದಕ್ಕೆ ಕಾರಣಗಳು ಹಲವು. ಕಾವಲೂ ಒಂದು ಕಾರಣ. ಸೋಲಿಗರಿದ್ದುದರಿಂದ ಹುಲಿ ಅಳಿಯಲಿಲ್ಲವೆಂಬುದಂತೂ ಈ ಅಂಕಿಗಳಿಂದ ಸ್ಪಷ್ಟ. ಕಳ್ಳಬೇಟೆ ತಡೆಯುವ ಶಿಬಿರಗಳಲ್ಲಿ ರಾತ್ರಿಯ ಕಾವಲು ಕಾಯುವ ಹುಡುಗರಲ್ಲಿ ಅನೇಕರು ಪೋಡುಗಳಿಂದಲೇ ಬಂದವರೆಂಬುದನ್ನೂ ಮರೆಯಲಾಗದು.

ಹಕ್ಕುಪತ್ರ ದೊರೆತ ಮಾತ್ರಕ್ಕೆ ಎಲ್ಲ ಸರಿಹೋಯಿತೆನ್ನುವಂತಿಲ್ಲ. ಕಾಡಿನ ಆಡಳಿತದಲ್ಲಿ ಗ್ರಾಮಸಭೆಯ ಮಾತೆಷ್ಟು, ಇಲಾಖೆಯ ಮಾತೆಷ್ಟು ಎಂಬ ಜಗ್ಗಾಟ ನಿಂತಿಲ್ಲ. ಪ್ರವಾಸದ ಹಣದಲ್ಲಿ ಪೋಡಿಗೆ ಬರುವ ಪಾಲೆಷ್ಟು ಎಂಬ ಪ್ರಶ್ನೆಯೂ ಹಾಗೆಯೇ ಇದೆ. ಕೆಲವು ಒಳ್ಳೆಯ ಗುರುತುಗಳುಂಟು. ಬೆಟ್ಟದ ಮೇಲಿನ ‘ಗೊರುಕನ’ ಎಂಬ ತಂಗುದಾಣದ ಆದಾಯ ಗಿರಿಜನರ ಶಾಲೆ ಆಸ್ಪತ್ರೆಗಳಿಗೆ ನೆರವಾಗುವಂತೆ ಏರ್ಪಾಡಾಗಿದೆ. ಮಲೆ ಮಾದೇಶ್ವರ ಬೆಟ್ಟದ ಸೋಲಿಗರು ಕಾಡನ್ನು ನುಂಗುತ್ತಿರುವ ಲಂಟಾನದ ಕಡ್ಡಿಯಿಂದಲೇ ಕುರ್ಚಿ, ಬುಟ್ಟಿಗಳನ್ನು ಹೆಣೆಯುತ್ತಾರೆ. ಹಿತ್ತಲಿನಲ್ಲಿ ಕಾಫಿ, ಮೆಣಸು ಬೆಳೆದು ಮಾರುವ ಸೋಲಿಗ ಕುಟುಂಬಗಳೂ ಇವೆ.

ತಂಡದವರು ಅರಿಯಬೇಕಾದುದು

ಹುಲಿ ಸಂರಕ್ಷಿತ ಕಾಡಿನಲ್ಲಿ ಮನಬಂದಂತೆ ನಡೆಯುವಂತಿಲ್ಲ. ಇಲಾಖೆಯ ಅನುಮತಿ ಬೇಕು, ಮಾರ್ಗದರ್ಶಿ ಬೇಕು. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿಯ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಗೋಪಾಲಸ್ವಾಮಿ ಬೆಟ್ಟಕ್ಕೂ ಸ್ವಂತ ವಾಹನವನ್ನು ತಪ್ಪಲಿನಲ್ಲಿ ಬಿಟ್ಟು ಬಸ್ಸಿನಲ್ಲಿಯೇ ಏರಬೇಕು. ಇವು ಬರೆದಿಟ್ಟ ನಿಯಮಗಳು. ಬರೆದಿಡದ ನಿಯಮಗಳು ಇನ್ನು ಕೆಲವುಂಟು.

ಪೋಡು ಪ್ರದರ್ಶನದ ವಸ್ತುವಲ್ಲ. ಜನ ಬಾಳುವ ಮನೆಗಳು. ಕೇಳದೆ ಅಂಗಳಕ್ಕೆ ನುಗ್ಗುವುದು, ಕೇಳದೆ ಹೆಂಗಸರ ಮಕ್ಕಳ ಚಿತ್ರ ತೆಗೆಯುವುದು ಪೇಟೆಯ ಬೀದಿಯಲ್ಲಿ ಹೇಗೆ ಅಸಭ್ಯವೋ ಇಲ್ಲಿಯೂ ಹಾಗೆಯೇ. ಮರದ ಬುಡದಲ್ಲಿ ನಾಲ್ಕು ಕಲ್ಲು ಕಂಡರೆ ಕುಳಿತು ಬುತ್ತಿ ಬಿಚ್ಚುವ ಮುನ್ನ ಮಾರ್ಗದರ್ಶಿಯನ್ನು ಕೇಳಬೇಕು. ಅದು ಯಾರೋ ಒಬ್ಬರ ಮುತ್ತಜ್ಜನ ನೆನಪಿರಬಹುದು. ಅವನು ಎಲ್ಲಿ ಚಪ್ಪಲಿ ಬಿಡುತ್ತಾನೋ ಅಲ್ಲಿ ತಂಡವೂ ಬಿಡಬೇಕು. ಅವನು ಎಲ್ಲಿ ಮಾತು ನಿಲ್ಲಿಸುತ್ತಾನೋ ಅಲ್ಲಿ ತಂಡವೂ ಸುಮ್ಮನಾಗಬೇಕು. ಹಿಂದಿನ ತಲೆಮಾರಿನ ಸೋಲಿಗರು ಪೇಟೆಯವರನ್ನು ‘ಬುದ್ಧಿ’ ಎಂದು ಕರೆದು ದೂರ ನಿಲ್ಲುತ್ತಿದ್ದರು. ಇಂದಿನ ಹುಡುಗರು ‘ಸಾರ್’ ಎಂದು ಕರೆದು ಜೊತೆಗೆ ನಡೆಯುತ್ತಾರೆ. ‘ಅಣ್ಣ’ ಎಂದು ಕರೆಯುವ ದಿನವೂ ಬರಬೇಕಾಗಿದೆ; ಅದಕ್ಕೆ ಪ್ರವಾಸಿಯೇ ಮೊದಲು ಮಾಡಬೇಕು.

ಹುಲಿ ಕಾಣದ ದಿನ ಅವನನ್ನು ಹುಲಿಯ ಬಗೆಗೆ ಕೇಳಬಾರದು. ಆ ಗುಡ್ಡದ ಹೆಸರೇನೆಂದು ಕೇಳಬೇಕು. ಹೆಸರಿನ ಹಿಂದೊಂದು ಕಥೆ ಬರುತ್ತದೆ, ಕಥೆಯ ಹಿಂದೊಂದು ಮನೆತನ ಬರುತ್ತದೆ. ಅಲ್ಲಿಯವರೆಗೆ ಬರಿಯ ಹಸುರಾಗಿ ಕಂಡ ಕಾಡು ಜನವಸತಿಯ ಊರಿನಂತೆ ಕಾಣತೊಡಗುತ್ತದೆ.

ಬಿಳಿಗಿರಿಯ ದೇವಾಲಯದಲ್ಲಿ ಒಂದು ಜೊತೆ ದೊಡ್ಡ ಚರ್ಮದ ಪಾದುಕೆಗಳನ್ನು ಯಾತ್ರಿಕರಿಗೆ ತೋರಿಸುತ್ತಾರೆ. ಉದ್ದ ಒಂದು ಅಡಿ ಒಂಬತ್ತು ಅಂಗುಲ. ಬೂದಿತಿಟ್ಟಿನ ಚರ್ಮಕಾರ ಕುಲದವರು ಎರಡು ವರ್ಷಕ್ಕೊಮ್ಮೆ ಹೊಸ ಜೊತೆಯನ್ನು ಹೊಲಿದು ತಂದೊಪ್ಪಿಸುತ್ತಾರೆ. ರಂಗನಾಥನು ಇವನ್ನು ಮೆಟ್ಟಿಕೊಂಡು ರಾತ್ರಿಯ ಹೊತ್ತು ಕಾಡನ್ನೆಲ್ಲ ಸುತ್ತುತ್ತಾನಂತೆ. ಹಳೆಯ ಜೊತೆ ಸವೆಯುವುದು ಅದಕ್ಕಂತೆ. ದೇವರೇ ಆದರೂ ಈ ಕಾಡನ್ನು ನಡೆದೇ ನೋಡಬೇಕೆಂದು ಹಿರಿಯರು ಕಟ್ಟುಮಾಡಿದಂತಿದೆ. ಅವನಿಗೆ ದಾರಿ ತೋರಲು ಭಾವಮೈದುನರಿದ್ದಾರೆ. ಜೀಪಿನಲ್ಲಿ ಬಂದವರಿಗೂ ಅವರೇ ಗತಿ.